ಆಟಿ ತಿಂಗಳ ಆಣೆ

ಲೋಕನಾಥ ಮಾಸ್ಟ್ರು ಅದೇ ಪುಟದ ಪ್ರೂಫನ್ನು ಹಿಡಿದುಕೊಂಡು ನಾಲ್ಕನೇ ಸಲ ಬಂದಾಗ ದುಗ್ಗಪ್ಪ ತಲೆ ಎತ್ತಲಿಲ್ಲ. ಎತ್ತಿದರೆ ಬಾಯಿ ಬಿಡಬೇಕಾಗುತ್ತದೆ, ಬಿಟ್ಟರೆ ಒಳ್ಳೆಯ ಮಾತು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಬಲ್ಮಠದ ಇಳಿಜಾರಿನಲ್ಲಿದ್ದ ಆರ್ಥರ್ ಧಣಿಗಳ ಅಚ್ಚುಕೂಟಕ್ಕೆ ಮೊಳೆ ಜೋಡಿಸಲು ಅವನು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಓದಿದ್ದು ಊರ ಶಾಲೆಯಲ್ಲಿ ಐದನೇ ಕ್ಲಾಸು. ಇಂಗ್ಲಿಷ್ ಅಕ್ಷರ ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ಸೀಸದ ಅಕ್ಷರಗಳನ್ನು ಬೆರಳಿನಿಂದಲೇ ಗುರುತಿಸಿ, ತಲೆಕೆಳಗಾಗಿ ಸಾಲು ಹಿಡಿಸಿ, ಒಂದು ತಪ್ಪಿಲ್ಲದೆ ಪುಟ ಕಟ್ಟುತ್ತಿದ್ದ. ಕೈ ಎಷ್ಟು ನಿಧಾನವೋ ಸಿಟ್ಟು ಅಷ್ಟು ಬೇಗ.

ಮಾಸ್ಟ್ರದ್ದು ಮುನ್ನೂರು ಇಂಗ್ಲಿಷ್ ಕ್ರಿಯಾಪದಗಳ ಪುಸ್ತಕ. ಒಂದು ಪದಕ್ಕೆ ಒಂದು ಪುಟ. ಮೇಲೆ ದೊಡ್ಡ ಅಕ್ಷರದಲ್ಲಿ ಪದ, ಅದರ ಕೆಳಗೆ ಕನ್ನಡದಲ್ಲಿ ಮೂರು ಭಾಗ: ಬರೆಯುವ ಕ್ರಮ, ಅರ್ಥ, ಹುಟ್ಟು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಬೇರೆ ಕೆಲಸವಿರಲಿಲ್ಲ; ಕಣ್ಣಿನ ಪೊರೆ ಪೂರ್ತಿ ಬಲಿಯುವ ಮೊದಲು ಮುಗಿಸಬೇಕೆಂಬ ಹಟ ಮಾತ್ರ ಇತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ದುಗ್ಗಪ್ಪ ಉರ್ವದ ತನ್ನ ಮನೆಯಿಂದ ಕಾವೂರಿನ ಮಾಸ್ಟ್ರ ಮನೆಗೆ ನಡೆದು ಹೋಗಿ ಮುಂದಿನ ವಾರದ ಬರಹ ತರುತ್ತಿದ್ದ. ತರುವುದಕ್ಕೆ ಗಳಿಗೆ ಸಾಕು. ಅವನು ಕೂರುತ್ತಿದ್ದದ್ದು ಮಧ್ಯಾಹ್ನದವರೆಗೆ. ‘ಅರೈವ್’ ಎಂಬ ಪದ ಮೊದಲು ದೋಣಿಗೆ ಮಾತ್ರ ಸಲ್ಲುತ್ತಿತ್ತು, ದಡ ಮುಟ್ಟುವುದು ಅಂತ ಅದರ ಹುಟ್ಟು ಎಂದು ಮಾಸ್ಟ್ರು ಹೇಳಿದ ವಾರ, ಅವನು ಮನೆಗೆ ಬಂದಾಗಲೆಲ್ಲ ಹೆಂಡತಿ ಅಕ್ಕುವಿಗೆ ‘ನಾನು ದಡ ಮುಟ್ಟಿದೆ’ ಎನ್ನುತ್ತಿದ್ದ. ಮುಟ್ಟಿದವರು ಕಾಲು ತೊಳೆದು ಒಳಗೆ ಬರಲಿ ಎಂದು ಅವಳು ಅನ್ನುತ್ತಿದ್ದಳು. ಹೈಸ್ಕೂಲಿನ ಮೆಟ್ಟಿಲು ಹತ್ತದ ಅವನಿಗೆ ಮಾಸ್ಟ್ರ ಜಗಲಿಯೇ ಹೈಸ್ಕೂಲು.

ಆದರೆ ಆ ದಿನ ಪುಟ ‘ಮೆಂಡ್’ ಪದದ್ದು, ಪುಸ್ತಕದಲ್ಲಿ ಬಾಕಿ ಉಳಿದಿದ್ದ ಒಂದೇ ಪುಟ. ಹರಿದದ್ದನ್ನು, ಕೆಟ್ಟದ್ದನ್ನು ಸರಿಮಾಡುವುದು ಎಂದು ಅರ್ಥ. ನಾಲ್ಕೇ ಅಕ್ಷರ. ಅರ್ಥವನ್ನು ಎರಡು ಸಲ, ಬರೆಯುವ ಕ್ರಮವನ್ನು ಒಂದು ಸಲ ಬದಲಿಸಿ ಆಗಿತ್ತು. ಈಗ ಹುಟ್ಟು. ಮಾಸ್ಟ್ರು ಕಾಲೇಜಿನ ದಪ್ಪ ನಿಘಂಟು ನೋಡಿ, ಹೊಸದಾಗಿ ಒಂದು ಚೀಟಿ ಬರೆದು ತಂದಿದ್ದರು. ಹಳೆಯ ಹನ್ನೊಂದು ಸಾಲು ಕಿತ್ತು ಇದನ್ನು ಹಾಕಬೇಕು.

“ಇದರ ತಲೆಯಲ್ಲಿ ಮೊದಲು ಇನ್ನೊಂದು ಅಕ್ಷರ ಇತ್ತಂತೆ, ದುಗ್ಗಪ್ಪ. ಜನರ ಬಾಯಲ್ಲಿ ಸವೆದು ಹೋಯಿತು. ಬುಡದಲ್ಲಿ ಎಂತ ಉಂಟು ಗೊತ್ತುಂಟಾ? ನೀನು ಕೇಳಿದರೆ...”

ದುಗ್ಗಪ್ಪ ಕೇಳಲಿಲ್ಲ. ಬೆಳಗ್ಗೆಯಷ್ಟೇ ಧಣಿ, ಈ ಪುಸ್ತಕ ಮುಗಿಯುವುದರೊಳಗೆ ನಿನ್ನ ತಲೆ ಪೂರ್ತಿ ಹಣ್ಣಾಗುತ್ತದೆ ಎಂದು ಎಲ್ಲರೆದುರು ನಕ್ಕಿದ್ದರು. ಅವನು ಪುಟ ಕಟ್ಟಿದ್ದ ತಗಡಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಬಡಿದ. ತಟ್ಟೆಯ ಮೂಲೆ ಸಿಕ್ಕಿಕೊಂಡು ಅಂಗಿಯ ತೋಳು ಪರ್ರನೆ ಹರಿಯಿತು. ಸಾವಿರಾರು ಮೊಳೆಗಳು ಕೋಣೆ ತುಂಬ ಚೆಲ್ಲಿದವು.

“ನಿಮಗೆ ಸಾಯುವವರೆಗೂ ತಿದ್ದುವುದೇ ಕಸುಬು. ಜುಮಾದಿಯಾಣೆ, ಇನ್ನು ನಿಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ. ಈ ಪುಟದ ಒಂದು ಮೊಳೆ ಮುಟ್ಟುವುದಿಲ್ಲ.”

ಮಾಸ್ಟ್ರು ಮೊಣಕಾಲೂರಿ, ಮಂಜುಗಣ್ಣಿನಲ್ಲಿ ನೆಲ ತಡವರಿಸಿ ಒಂದಷ್ಟು ಮೊಳೆಗಳನ್ನು ಹೆಕ್ಕಿದರು. ಅಂಗೈಯಲ್ಲಿ ತುಂಬಿದ್ದನ್ನು ಮೇಜಿನ ಮೇಲೆ ಮೆಲ್ಲನೆ ಸುರಿದು, ಕೊಡೆ ಹುಡುಕಿಕೊಂಡು ಹೊರಟುಹೋದರು. ಅವರು ಇಟ್ಟು ಹೋದ ಚೀಟಿಯಲ್ಲೇ ದುಗ್ಗಪ್ಪ ಕೈಯ ಮಸಿ ಒರೆಸಿ ಮೂಲೆಯ ಚಹಾದ ಒಲೆಗೆ ಹಾಕಿದ. ಓದಲಿಲ್ಲ.

ಸಂಜೆಗೆ ಸಿಟ್ಟು ಇಳಿಯಿತು. ಅವನ ಸಿಟ್ಟು ಯಾವಾಗಲೂ ಸಂಜೆಗೆ ಇಳಿಯುತ್ತಿತ್ತು. ಮರುದಿನವೇ ಹೋಗಿ ಕಾಲು ಹಿಡಿಯಲು ಅವನು ತಯಾರಿದ್ದ. ಆದರೆ ಆಣೆ ಬಾಯಿಂದ ಬಿದ್ದಾಗಿತ್ತು. ಜುಮಾದಿ ದೈವದ ಹೆಸರಿನಲ್ಲಿ ಹಾಕಿದ ಆಣೆಯನ್ನು ದೈವದ ಎದುರಲ್ಲೇ ತಪ್ಪು ಕಾಣಿಕೆ ಇಟ್ಟು ಬಿಡಿಸಿಕೊಳ್ಳಬೇಕು. ಅದು ಮಳೆಗಾಲದ ಆಟಿ ತಿಂಗಳು. ಆಟಿಯಲ್ಲಿ ದೈವದ ಗುಡಿಯಾದ ಸ್ಥಾನದ ಬಾಗಿಲು ಮುಚ್ಚಿರುತ್ತದೆ. ತೆರೆಯುವುದು ಆಟಿ ಮುಗಿದು ಬರುವ ಸೋಣ ಸಂಕ್ರಮಣಕ್ಕೆ. ಇನ್ನೂ ಹತ್ತೊಂಬತ್ತು ದಿನ ಇತ್ತು. ಆಣೆ ಮುರಿದರೆ ತನಗೇನಾದರೂ ಆಗಲಿ ಎಂದುಕೊಂಡಿದ್ದರೆ ಹೋಗುತ್ತಿದ್ದನೋ ಏನೋ. ಮಾಸ್ಟ್ರ ಮನೆಯ ಮೇಲೆಯೇ ಆಣೆ ಹಾಕಿದ್ದ. ಮುರಿದರೆ ಅವರಿಗೆ ತಾಗುತ್ತದೆ ಎಂಬುದು ಅವನ ಹೆದರಿಕೆ. ಅಂಗಿ ಹೊಲಿಯಲು ಕೊಡಿ ಎಂದು ಅಕ್ಕು ಕೇಳಿದರೆ ಅವಳ ಮೇಲೆಯೇ ಹರಿಹಾಯ್ದ.

ಸಂಕ್ರಮಣಕ್ಕೆ ನಾಲ್ಕು ದಿನ ಇರುವಾಗ ಬೀಫಾತಿಮ್ಮ ಬಂದಳು. ಕಾವೂರಿನಿಂದ ಬುಟ್ಟಿಯಲ್ಲಿ ಕೋಳಿಮೊಟ್ಟೆ ಹೊತ್ತು ತಂದು ಉರ್ವದಲ್ಲಿ ಮನೆಮನೆಗೆ ಮಾರುವ ಬ್ಯಾರಿ ಮುದುಕಿ. ಮಾಸ್ಟ್ರು ಹೇಳಿ ಕಳಿಸಿದ್ದರು: ಕಣ್ಣು ಪೂರ್ತಿ ಹೋಗಿದೆ, ಚೀಟಿ ಇನ್ನೊಮ್ಮೆ ಬರೆಯಲು ಆಗುವುದಿಲ್ಲ, ದುಗ್ಗಪ್ಪ ಬಂದು ಕೂತರೆ ಬಾಯಲ್ಲಿ ಹೇಳುತ್ತೇನೆ, ಅವನು ಬರೆದುಕೊಳ್ಳಲಿ. ಸಿಟ್ಟಿನ ಒಂದು ಮಾತೂ ಅದರಲ್ಲಿ ಇರಲಿಲ್ಲ.

ಸಂಕ್ರಮಣದ ದಿನ ಜುಮಾದಿಯ ಆಣೆ ಬಿಡಿಸಿಕೊಂಡು ಬರುತ್ತೇನೆಂದು ಹೇಳು ಎಂದ ದುಗ್ಗಪ್ಪ.

“ನಿನ್ನ ಜುಮಾದಿಗೆ ಸಂಕ್ರಮಣ ಉಂಟು ಮಾರಾಯ. ಮುದುಕರಿಗೆ ಎಂತ ಸಂಕ್ರಮಣ?” ಎಂದಳು ಬೀಫಾತಿಮ್ಮ. “ಈಗ ಬಾ, ನನ್ನೊಟ್ಟಿಗೆ ನಡಿ. ಬುಟ್ಟಿಯೂ ಖಾಲಿ ಉಂಟು.”

“ನಾಲ್ಕೇ ದಿನ,” ಎಂದ ದುಗ್ಗಪ್ಪ.

ಸಂಕ್ರಮಣದ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಸ್ಥಾನದ ಎದುರು ನಿಂತಿದ್ದ. ಬೆಳ್ಳಿಯ ಒಂದು ನಾಣ್ಯ ಇಟ್ಟು, ಬಾಯ್ತಪ್ಪಿ ಬಂದ ಮಾತು ಎಂದು ಅಡ್ಡಬಿದ್ದ. ಅಲ್ಲಿಂದ ಕಾವೂರಿಗೆ ನಡೆದದ್ದಲ್ಲ, ಓಡಿದ. ಕಂಕುಳಲ್ಲಿ ಹೊಸ ನೋಟುಬುಕ್ಕು, ಕಿವಿಯಲ್ಲಿ ಪೆನ್ಸಿಲ್.

ಕೆರೆಯ ತಿರುವಿನಲ್ಲೇ ಮಾಸ್ಟ್ರ ಮನೆಯ ಅಂಗಳದಲ್ಲಿ ಜನ ಕಂಡರು. ಬೆಳಗ್ಗೆ ಮುಖ ತೊಳೆಯಲು ಎದ್ದ ಮಾಸ್ಟ್ರು ಬಾವಿಕಟ್ಟೆಯಲ್ಲಿ ಬಿದ್ದಿದ್ದರು. ಬಲಗೈ, ಬಲಗಾಲು, ನಾಲಿಗೆ, ಮೂರೂ ಹೋಗಿದ್ದವು.

ಮಾಸ್ಟ್ರ ಹೆಂಡತಿ ಉಮಾವತಿಯಮ್ಮ ಅವನನ್ನು ಬೈಯಲಿಲ್ಲ. ಬಂದವರಿಗೆ ಕೊಡುವ ಹಾಗೆ ಬೆಲ್ಲ ನೀರು ತಂದಿಟ್ಟರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ನಿಮ್ಮನ್ನೇ ಕಾಯ್ತಾ ಇದ್ರು,” ಎಂದರು. “ಮರೆತು ಹೋಗ್ತದೆ ಅಂತ ನಾಲ್ಕು ದಿನವೂ ಬಾಯಿಪಾಠ ಮಾಡ್ತಾ ಇದ್ರು. ನಾನು ಅಡುಗೆಮನೆಯಲ್ಲಿ. ನನಗೆ ಕೇಳ್ತಿತ್ತು, ಅರ್ಥ ಆಗ್ತಿರಲಿಲ್ಲ.”

ದುಗ್ಗಪ್ಪ ಮಂಚದ ಪಕ್ಕ ನೆಲದಲ್ಲಿ ಕೂತು ನೋಟುಬುಕ್ಕು ತೆರೆದ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

“ಮಾಸ್ಟ್ರೇ, ನಾನು ದುಗ್ಗಪ್ಪ. ಹೇಳಿ, ಬರೀತೇನೆ.”

ಮಾಸ್ಟ್ರು ಬಾಯಿ ತೆರೆದರು. ಮುನ್ನೂರು ಪದಗಳ ಹುಟ್ಟು ಬಲ್ಲ ಬಾಯಿಂದ ಹಸುಗೂಸಿನ ಸದ್ದು ಬಂತು. ಮತ್ತೆ ಮತ್ತೆ ಬಂತು. ಕಡೆಗೆ ಎಡಗೈ ಎತ್ತಿ ಗಾಳಿಯಲ್ಲಿ ಹುಡುಕಿದರು. ಸಿಕ್ಕಿದ್ದು ದುಗ್ಗಪ್ಪನ ಅಂಗಿಯ, ಹೊಲಿಯದೇ ಉಳಿದಿದ್ದ ಹರಿದ ತೋಳು. ಹರಿದ ಎರಡು ಅಂಚನ್ನೂ ಬೆರಳಿನಲ್ಲಿ ಸೇರಿಸಿ ಹಿಡಿದುಕೊಂಡರು, ಬಿಡಲಿಲ್ಲ. ಪದದ ಅರ್ಥ ಹೇಳುತ್ತಿದ್ದರೋ, ಕೈಗೆ ಸಿಕ್ಕಿದ್ದನ್ನು ಹಿಡಿದರೋ, ದುಗ್ಗಪ್ಪನಿಗೆ ಗೊತ್ತಾಗಲಿಲ್ಲ. ಅವನು ಮಧ್ಯಾಹ್ನದವರೆಗೆ ಅಲ್ಲಾಡದೆ ಕೂತ. ನೋಟುಬುಕ್ಕಿನಲ್ಲಿ ಒಂದಕ್ಷರ ಬೀಳಲಿಲ್ಲ.

ಎಂಟನೆಯ ದಿನ ಮಾಸ್ಟ್ರು ತೀರಿಕೊಂಡರು.

ಪುಸ್ತಕ ಮುಗಿಸಬೇಕೆಂದು ಉಮಾವತಿಯಮ್ಮ ಹೇಳಿ ಕಳಿಸಿದರು. ಉಳಿದ ಪುಟಗಳೆಲ್ಲ ಕಟ್ಟಿ ಆಗಿದ್ದವು. ಕಾಲೇಜಿನ ಯಾರಿಗಾದರೂ ಹೇಳಿದರೆ ಆ ಹನ್ನೊಂದು ಸಾಲು ಐದು ನಿಮಿಷದಲ್ಲಿ ಬರೆದು ಕೊಡುತ್ತಾರೆ ಎಂದರು ಆರ್ಥರ್ ಧಣಿ. ಬೇಡ ಎಂದ ದುಗ್ಗಪ್ಪ. ಕೂಗಲಿಲ್ಲ. ಅವನು ಕೂಗದ್ದನ್ನು ಕಂಡು ಧಣಿ ಸುಮ್ಮನಾದರು.

ಪುಟವನ್ನು ಅವನು ಒಬ್ಬನೇ ಕಟ್ಟಿದ. ಪದ, ಬರೆಯುವ ಕ್ರಮ, ಅರ್ಥ. ‘ಹುಟ್ಟು’ ಎಂಬ ತಲೆಬರಹ. ಅದರ ಕೆಳಗೆ ಖಾಲಿ. ಅಚ್ಚಿನಲ್ಲಿ ಖಾಲಿ ಜಾಗ ಸುಮ್ಮನೆ ಬಿಟ್ಟರೆ ಆಗುವುದಿಲ್ಲ, ಪುಟ ಕುಸಿಯುತ್ತದೆ. ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಒಂದೊಂದಾಗಿ ಜೋಡಿಸಿ ತುಂಬಬೇಕು. ಹನ್ನೊಂದು ಸಾಲು ತುಂಬಿಸಿದ. ಅಷ್ಟು ಹೊತ್ತು ಅವನು ಯಾವ ಪುಟಕ್ಕೂ ತೆಗೆದುಕೊಂಡಿರಲಿಲ್ಲ.

ಮುಂದಿನ ವರ್ಷ ಶಾಲೆಗಳು ತೆರೆದ ಮೇಲೆ ಕೆಲವರು ಪುಸ್ತಕ ಹಿಂದೆ ತಂದರು. ಒಂದು ಪುಟ ಅರ್ಧ ಅಚ್ಚೇ ಆಗಿಲ್ಲ, ಎಂಥ ಕೆಲಸ ಮಾಡ್ತೀರಿ ನೀವು ಎಂದು ಕೇಳಿದರು. ಹಿಂದಿನ ದುಗ್ಗಪ್ಪನಾಗಿದ್ದರೆ ಅವರು ಮೆಟ್ಟಿಲು ಇಳಿಯುವ ಮೊದಲು ಊರಿಗೆಲ್ಲ ಕೇಳುತ್ತಿತ್ತು. ಅವನು ಎದ್ದು ಬಂದು, ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಪಾಟಿನಿಂದ ಬೇರೆ ಪ್ರತಿ ಕೊಟ್ಟ.

ಅದರಲ್ಲೂ ಆ ಪುಟ ಹಾಗೆಯೇ ಇತ್ತು.