ಫ್ರೀಜರಿನ ಕೇಕು

ನಮ್ಮ ಸಾಲಗಳನ್ನು ಕ್ಷಮಿಸು ಎಂದಿತು ಇಡೀ ಚರ್ಚು, ಅಪರಾಧಗಳನ್ನು ಎಂದ ಪಕ್ಕದಲ್ಲಿದ್ದ ವೆಂಡೆಲ್ ಒಬ್ಬನೇ, ಆರ್ಡಿತ್‌ಳ ಗಂಡನ ತಮ್ಮ, ಮೆಥೊಡಿಸ್ಟ್ ಚರ್ಚಿನವನು, ಅವರ ಪ್ರಾರ್ಥನೆಯಲ್ಲಿ ಆ ಪದವೇ ಬೇರೆ, ಇಲ್ಲಿಗೆ ಬಂದಾಗಲೆಲ್ಲ ಹೀಗೇ, ಇವರ ಸಾಲ ಮುಗಿದರೂ ಅವನ ನಾಲಗೆ ಅಪರಾಧದಲ್ಲೇ ತೊಡರಿರುತ್ತದೆ — ಆರ್ಡಿತ್ ಕಣ್ಣು ಮುಚ್ಚಿದಳು, ವಾರವಿಡೀ ಊರಿನವರ ಹಲ್ಲು ಶುಚಿ ಮಾಡಿದ ಮಣಿಕಟ್ಟು ಜುಮುಗುಡುತ್ತಿದೆ, ಆ ಹಲ್ಲಿನ ವಿದ್ಯೆಗೆ ಮಾಡಿದ ಸಾಲ ಎಷ್ಟು ಕಟ್ಟಿದರೂ ಬಡ್ಡಿ ತಿಂದು ಕೊಬ್ಬುತ್ತಲೇ ಇದೆ, ಒಂದೇ ಒಂದು ಸಲ ವಾಷಿಂಗ್ಟನ್‌ನಿಂದ ಇಮೇಲ್ ಬಂದಿತ್ತು, ನಿಮ್ಮ ಸಾಲಮನ್ನಾ ಅರ್ಜಿ ಒಪ್ಪಿದ್ದೇವೆ, ಗಂಡ ಗ್ಲೆನ್ ಅವತ್ತೇ ಕೇಕು ತಂದ, ಮೇಲೆ ನೀಲಿ ಕ್ರೀಮಿನಲ್ಲಿ ಕ್ಷಮಿಸಲಾಗಿದೆ ಎಂದು ಬರೆಸಿ, ನಾನೇನು ಕೊಲೆ ಮಾಡಿದ್ನಾ, ಓದಿದ್ದು ತಾನೆ, ಎಂದು ನಕ್ಕಿದ್ದಳು, ಮಗಳು ಟೆಸ್ಸ ಬಲತುದಿ ಕೊಯ್ದು ಗಿದೆ ಎಂಬುದನ್ನು ಬಾಯಿಗೆ ಹಾಕಿಕೊಂಡಳು, ಉಳಿದದ್ದು ಸಾಲ ನಿಜವಾಗಿ ಇಳಿದ ದಿನಕ್ಕೆಂದು ಫ್ರೀಜರಿಗೆ ಹೋಯಿತು, ಕೂಸು ಹುಟ್ಟುವ ಮುಂಚೆ ಕುಲಾವಿ — ಮನ್ನಾ ತಡೆಯಲು ದಾವೆ ಹೂಡಿದವರು ಯಾರೋ ಪರಕೀಯರಲ್ಲ, ತಮ್ಮದೇ ನೆಬ್ರಾಸ್ಕ, ಜೊತೆಗೆ ಇನ್ನೈದು ರಾಜ್ಯ, ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಆರು ಮಂದಿ ನ್ಯಾಯಾಧೀಶರು ಅಧ್ಯಕ್ಷರಿಗೆ ಆ ಅಧಿಕಾರವಿಲ್ಲ, ಸಂಸತ್ತನ್ನು, ಅಂದರೆ ಕಾಂಗ್ರೆಸ್ಸನ್ನು ಕೇಳಿ ಎಂದರು, ಕಾಂಗ್ರೆಸ್ಸಿನವರು ಚುನಾವಣೆ ಆಗಲಿ ಎಂದರು, ಆಯಿತು, ಹೋಯಿತು, ಸರಿಯಾಗೇ ಆಯ್ತು ಬಿಡತ್ತಿಗೆ, ಓದಿದ್ದು ನೀನು, ಟ್ರಕ್ ಓಡಿಸೋ ನಾನ್ಯಾಕೆ ಕಟ್ಲಿ, ಎಂದಿದ್ದ ವೆಂಡೆಲ್, ಅವಳು ದುಡಿಯುವ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿಕೊಂಡು, ಬಾಯಿ ಅಗಲಿಸು ಎಂದಷ್ಟೇ ಹೇಳಿದಳು, ಸಿಟ್ಟು ಮಾಡಲೂ ತ್ರಾಣ ಬೇಕಲ್ಲ — ಟೆಸ್ಸಳ ಮೊಣಕೈ ತಿವಿಯಿತು, ಅಮ್ಮಾ, ಮನೆಗೆ ಹೋದ್ಮೇಲೆ ಸೈನ್ ಹಾಕ್ತೀಯ ತಾನೆ, ನಾಳೆ ಕೊನೇ ದಿನ, ಮಗಳ ಕಾಲೇಜಿಗೆ ತಾಯಿಯ ಹೆಸರಲ್ಲಿ ಸಾಲ, ಹಳೆಯದರ ತಲೆಯ ಮೇಲೆ ಹೊಸದು, ಮುಂದೆ ಯಾರಾದ್ರೂ ಮನ್ನಾ ಮಾಡ್ತಾರಮ್ಮ, ಅಯ್ಯೋ ಮಗಳೇ, ಈ ಮಾತನ್ನು ನಾನೂ ನಿನ್ನ ವಯಸ್ಸಿನಲ್ಲಿ, ಓದಲಿ, ಓದದೆ ಇನ್ನೇನು ಮಾಡಿಯಾಳು, ಹಾಕದಿದ್ದರೆ ಅವಳು ನನ್ನನ್ನು, ಹಾಕಿದರೆ ನಾನು ನನ್ನನ್ನು — ವೆಂಡೆಲ್ ಕೊನೆಗೂ ತನ್ನ ಅಪರಾಧ ಮುಗಿಸಿದ, ಎಲ್ಲರೂ ಆಮೆನ್ ಎಂದರು, ಆರ್ಡಿತ್ ಇವತ್ತು ಬೆಳಿಗ್ಗೆ ಬಟಾಣಿ ಹುಡುಕುತ್ತಾ ಫ್ರೀಜರಿಗೆ ಕೈ ಹಾಕಿದ್ದಳು, ಕೇಕಿನ ಮೇಲಿನ ಮಂಜನ್ನು ಉಗುರಿನಿಂದ ಕೆರೆದಿದ್ದಳು, ಅಮ್ಮಾ ಹಾಕ್ತೀಯ ತಾನೆ, ಹಾಕಲಾ, ಬೇಡವಾ, ಬಿಳಿ ಮಂಜಿನಡಿ ತುದಿ ಕಳೆದುಕೊಂಡ ನೀಲಿ ಅಕ್ಷರಗಳು, ಯಾರು ಯಾರನ್ನು ಕೇಳುತ್ತಿದ್ದಾರೋ, ಕ್ಷಮಿಸಲಾ, ಕ್ಷಮಿಸಲಾ