ಎರಡನೇ ಸುತ್ತು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಬೆನ್ನು ಹರಿದಿದೆ, ಹೊಲಿಗೆ ಬಿಟ್ಟ ಕಡೆ ಹಳದಿ ಸ್ಪಂಜು ಇಣುಕುತ್ತಿದೆ, ಯಾರ್ಯಾರೋ ಬೆರಳು ಹಾಕಿ ತೂತು ದೊಡ್ಡದು ಮಾಡಿದ್ದಾರೆ, ನನ್ನ ಬೆರಳೂ ಅಲ್ಲಿಗೇ ಹೋಗುತ್ತಿದೆ, ಬೇಡ, ಸುಮ್ಮನಿರಲಿ — ಈ ಬಲಗೈಗೆ ಸುಮ್ಮನಿರುವುದು ಗೊತ್ತಿಲ್ಲ, ಹದಿನಾಲ್ಕು ವರ್ಷ ಟೀವಿಯವರ ವ್ಯಾನಿನೊಳಗೆ ಕೂತು ಒಂದು ಚಕ್ರ ತಿರುಗಿಸಿದ ಕೈ, ಅಂಗೈಯಗಲದ ಚಕ್ರ, ಹಿಂದಕ್ಕೆ ತಿರುಗಿಸಿದರೆ ಪರದೆಯ ಮೇಲೆ ಬಿದ್ದ ಬಾಕ್ಸರ್ ಎದ್ದು ನಿಲ್ಲುತ್ತಾನೆ, ಮುಂದಕ್ಕೆ ತಿರುಗಿಸಿದರೆ ಮತ್ತೆ ಬೀಳುತ್ತಾನೆ, ನಿಧಾನವಾಗಿ, ಬೆವರು ಮಣಿ ಮಣಿಯಾಗಿ ಗಾಳಿಯಲ್ಲಿ ನಿಲ್ಲುವ ಹಾಗೆ, ರೀಪ್ಲೇ ತೋರಿಸುವುದು, ಅದೇ ನನ್ನ ಕೆಲಸ, ಈ ತಿಂಗಳ ಕೊನೆಯವರೆಗೆ. ಸೋಮವಾರದ ಮೀಟಿಂಗಿನಲ್ಲಿ ನಿರ್ದೇಶಕ ಹೇಳಿದ, ವ್ಯಾನಿನಲ್ಲಿ ಅವನನ್ನು ಗುಡುಗು ಅನ್ನುತ್ತೇವೆ, ಹೆಡ್‌ಫೋನಿನಲ್ಲಿ ದನಿ ಹಾಗೆ, ಆ ದಿನ ಮಾತ್ರ ಮೆಲ್ಲಗೆ ಮಾತಾಡಿದ, ಕೇಬಲ್ ಇರೋ ಮನೆಗಳು ಅರ್ಧಕ್ಕರ್ಧ ಆಗಿವೆ, ಜನ ವೈರು ಕಿತ್ತುಹಾಕಿ ಫೋನ್ ಹಿಡ್ಕೊಂಡಿದ್ದಾರೆ, ಚಾನೆಲ್ ಬಾಕ್ಸಿಂಗ್ ಬಿಡ್ತಾ ಇದೆ, ಇನ್ನು ಪಂದ್ಯ ಎಲ್ಲಾ ಆ್ಯಪ್‌ನಲ್ಲಿ, ಅವರಿಗೆ ಮೂರು ಕ್ಯಾಮೆರಾ ಸಾಕು, ಇನ್ನೊಂದ್ಸಲ ನೋಡ್ಬೇಕು ಅಂದ್ರೆ ನೋಡೋರೇ ಹೆಬ್ಬೆರಳಲ್ಲಿ ಹಿಂದಕ್ಕೆ ಎಳ್ಕೋತಾರೆ. ಎಲ್ಲರೂ ನನ್ನ ಕಡೆ ನೋಡಿದರು, ಸಾವಿನ ಮನೆಯಲ್ಲಿ ನೋಡುವ ಹಾಗೆ, ನಾನು ತಲೆ ತಗ್ಗಿಸಿದೆ, ದುಃಖಕ್ಕೆ ಅಂದುಕೊಂಡರು, ಎಲ್ಲಿ ನಗು ಬಂದುಬಿಡುತ್ತದೋ ಅಂತ ತಗ್ಗಿಸಿದ್ದೆ, ಯಾಕೆಂದರೆ ನಮ್ಮ ಮನೆಯ ಕೇಬಲ್ ಹೋಗಿಯೇ ವರ್ಷವಾಯಿತು, ಅತ್ತೆ ತಾವೇ ನಿಂತು ಕಿತ್ತುಹಾಕಿದ್ದು, ಆ ಡಬ್ಬ ಸುಮ್ನೆ ಧೂಳು ಕುಡೀತಾ ಕೂತಿದೆ ಕಣೆ, ನನ್ ಧಾರಾವಾಹಿ ಎಲ್ಲಾ ಫೋನಲ್ಲೇ ಬರುತ್ತೆ, ನಿನ್ನ ಗುದ್ದಾಟ ಯಾರ್ ನೋಡ್ತಾರೆ — ನನ್ನ ಅನ್ನಕ್ಕೆ ಕಲ್ಲು ಹಾಕಿದವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮತ್ತೆಯದು, ಮತ್ತು ಅವರ ಕೈಗೆ ಸ್ಕ್ರೂಡ್ರೈವರ್ ಎತ್ತಿಕೊಟ್ಟವಳು ನಾನು. ಮೀಟಿಂಗ್ ಮುಗಿಸಿ ಮೆಟ್ಟಿಲಿಳಿಯುವಾಗ ಎದೆ ಹಗುರಾಗಿತ್ತು, ಕಚ್ಚುವ ಚಪ್ಪಲಿ ಬಿಚ್ಚಿ ತಣ್ಣನೆ ನೆಲದ ಮೇಲೆ ನಿಂತ ಹಾಗೆ, ಇಷ್ಟು ದಿನ ಕಚ್ಚುತ್ತಿತ್ತು ಅನ್ನುವುದು ಬಿಚ್ಚಿದ ಮೇಲೇ ಗೊತ್ತಾಗುವುದು, ಎಷ್ಟು ದಿನ, ಆರು ವರ್ಷ, ಆ ಒಬ್ಬ ಬಾಕ್ಸರ್ ಬಿದ್ದ ಸಂಜೆಯಿಂದ.

ತೊಡೆಯ ಮೇಲಿನ ಚೀಲದಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಆ ಪಂದ್ಯ, ಪೂರ್ತಿ, ಬುಧವಾರ ಆಫೀಸಿಗೆ ಫೋನ್ ಮಾಡಿ ಕೇಳಿದವಳು ಅವನ ಅಕ್ಕ, ನಾನು ಎಡಗೈಯ ಅಕ್ಕ ಅಂದಳು, ಎಡಗೈ ಅಂತ ಕಾಮೆಂಟರಿಯವರು ಇಟ್ಟ ಹೆಸರು, ಅಕ್ಕನ ಬಾಯಲ್ಲೂ ಅದೇ ಉಳಿದಿದೆ, ನೀವು ಬಾಕ್ಸಿಂಗ್ ನಿಲ್ಲಿಸ್ತೀರಂತೆ, ಹಳೇದೆಲ್ಲ ಅಳಿಸಿಬಿಡ್ತೀರಾ, ನನ್ ತಮ್ಮಂದು ಮೊದಲಿಂದ ಬೇಕಿತ್ತು, ಫೋನಲ್ಲಿ ಹುಡುಕಿದ್ರೆ ಬೀಳೋದು ಮಾತ್ರ ಸಿಗುತ್ತೆ. ಬೀಳೋದು ಮಾತ್ರ — ಆ ಒಂಬತ್ತು ಸೆಕೆಂಡು ನನ್ನದು, ನನ್ನ ಕೈಯದು, ಮೂರನೇ ಸುತ್ತು, ದವಡೆಗೆ ಬಿದ್ದ ಏಟು, ಅವನು ಮರದ ಹಾಗೆ ಬಿದ್ದ, ಏಳಲಿಲ್ಲ, ಡಾಕ್ಟರು ಹಗ್ಗದಡಿ ನುಗ್ಗಿ ಮಂಡಿಯೂರಿದರು, ಬಿದ್ದವನ ಮುಖ ನೇರಪ್ರಸಾರದಲ್ಲಿ ತೋರಿಸಬಾರದು, ಹಾಗಾದರೆ ಏನು ತೋರಿಸುವುದು, ಏಟು ತೋರಿಸುವುದು, ಗುಡುಗು ಕಿವಿಯಲ್ಲಿ ಹೇಳುತ್ತಿದ್ದ, ಇನ್ನೊಂದ್ಸಲ, ಇನ್ನೂ ನಿಧಾನ, ಆ ಕಡೆ ಕ್ಯಾಮೆರಾದ್ದು ಕೊಡು, ಇನ್ನೊಂದ್ಸಲ, ಹನ್ನೊಂದು ಸಲ, ಲೆಕ್ಕ ನಾನು ಇಡಲಿಲ್ಲ, ಕೈ ಇಟ್ಟಿತು, ಹನ್ನೊಂದನೆಯ ಸಲ ಅವನು ಬೀಳುವಷ್ಟರಲ್ಲಿ ಸ್ಟ್ರೆಚರ್ ಬಾಗಿಲು ದಾಟಿತ್ತು, ಆಮೇಲೆ ಗುಡುಗು ಹೆಡ್‌ಫೋನ್ ತೆಗೆದು ನನ್ನ ಭುಜ ತಟ್ಟಿ ನಿನ್ ಕೈಯಲ್ಲಿ ಕಲೆ ಇದೆ ಕಣಮ್ಮ ಅಂದ. ಬದುಕಿದ, ಮತ್ತೆ ಆಡಲಿಲ್ಲ, ಪೇಪರಿನಲ್ಲಿ ಎರಡು ಸಾಲು ಬಂತು, ನೋಡಲು ಹೋಗಬೇಕು ಅಂದುಕೊಂಡೆ, ಹೋಗಲಿಲ್ಲ, ಏನಂತ ಹೋಗುವುದು. ಈಗ ಹೋಗುತ್ತಿದ್ದೇನೆ, ಕಂಡಕ್ಟರು ಮೇಡಂ ನಿಮ್ ಸ್ಟಾಪು ಅನ್ನುತ್ತಿದ್ದಾನೆ, ಇಳಿದೆ, ಟೈರಿನಂಗಡಿ, ಬೀಗ ರಿಪೇರಿಯವನು, ಅದರ ಪಕ್ಕ ಕಾರಿನ ಸೀಟಿಗೆ ಕವರ್ ಹೊಲಿಯುವ ಅಂಗಡಿ ಅಂತ ಅಕ್ಕ ಗುರುತು ಹೇಳಿದ್ದಳು, ಬಾಗಿಲಲ್ಲಿ ಅವಳೇ ನಿಂತಿದ್ದಾಳೆ, ಕುತ್ತಿಗೆಯಲ್ಲಿ ಅಳತೆ ಟೇಪು, ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಿ, ಬನ್ನಿ ಬನ್ನಿ, ಸಿಕ್ತು ತಾನೇ ಜಾಗ.

ಒಳಗೆ ರೆಕ್ಸಿನ್ ವಾಸನೆ, ಗಮ್ಮಿನ ವಾಸನೆ, ಅವನು ಮಷೀನಿನ ಮುಂದೆ ಬಗ್ಗಿ ಕೂತಿದ್ದಾನೆ, ಕಪ್ಪು ರೆಕ್ಸಿನ್ನಿನ ಮೇಲೆ ಸೀಮೆಸುಣ್ಣದ ಗೆರೆ, ಗೆರೆಗೆ ಸೂಜಿ ತಪ್ಪುತ್ತಿಲ್ಲ, ಎಡಗೈ ಬಟ್ಟೆಯನ್ನು ಮೆಲ್ಲಗೆ ತಳ್ಳುತ್ತಿದೆ, ನಾನು ಮೊದಲು ನೋಡಿದ್ದು ಆ ಕೈಯನ್ನೇ, ನಡುಗುತ್ತದೇನೋ ಅಂತ, ನಡುಗುತ್ತಿಲ್ಲ, ದೇವರೇ, ನಡುಗುತ್ತಿಲ್ಲ, ಅಲ್ಲೇ ಇದ್ದ ಕಾರಿನ ಸೀಟಿನ ಮೇಲೆ ಕೂತುಬಿಟ್ಟೆ, ಕಾರಿಲ್ಲದ ಬರೀ ಸೀಟು, ಅವನು ನಕ್ಕ, ಅದು ಗಿರಾಕಿದು ಮೇಡಂ, ಪರವಾಗಿಲ್ಲ ಕೂತ್ಕೊಳ್ಳಿ, ಗಟ್ಟಿ ಇದ್ಯಾ ನೋಡಿ ಹೇಳಿ. ಮಾತು ತುಸು ತಡವಾಗಿ ಬರುತ್ತದೆ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಜಾಗ, ಅಷ್ಟೇ, ಅಷ್ಟೇನಾ, ಆರು ವರ್ಷ ನಾನು ಕಲ್ಪಿಸಿಕೊಂಡಿದ್ದು ಹಾಸಿಗೆ, ನಳಿಕೆ, ತೆರೆದ ಬಾಯಿ. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೇಳಿಬಿಡಬೇಕು, ಆಮೇಲೆ ಆಗುವುದಿಲ್ಲ, ಹೇಳಿದೆ, ಆ ದಿನ ಮತ್ತೆ ಮತ್ತೆ ತೋರಿಸಿದ್ದು ನಾನೇ, ನಿಧಾನ ಮಾಡಿದ್ದೂ ನಾನೇ, ಫೋನಲ್ಲಿ ಓಡಾಡ್ತಿರೋದು ನನ್ನ ಕೈಯದು. ಅಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು, ನಾನು ಮನೇಲಿ ನೋಡ್ತಾ ಇದ್ದೆ ಅಂದಳು, ಒಂದೊಂದ್ಸಲಾನೂ ಹೊಸದಾಗಿ ಬೀಳ್ತಿದಾನೆ ಅಂತಲೇ ಅನ್ನಿಸ್ತಿತ್ತು, ಟೀವಿಗೆ ಟವಲ್ ಮುಚ್ಚಿದೆ, ಮಾರನೇ ದಿನ ಕೇಬಲ್ ತೆಗೆಸಿಬಿಟ್ಟೆ — ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಜನ ಯಾಕೆ ವೈರು ಕೀಳುತ್ತಾರೆ ಅಂತ ಮೀಟಿಂಗಿನಲ್ಲಿ ಚಾರ್ಟು ತೋರಿಸಿದ್ದರು, ಟವಲ್ಲಿನ ಮಾತು ಯಾವ ಚಾರ್ಟಿನಲ್ಲೂ ಇರಲಿಲ್ಲ. ಅವನು ದಾರ ಕತ್ತರಿಸಿದ, ಮಷೀನು ನಿಲ್ಲಿಸಿದ, ನೀವು ಹೊಡೀಲಿಲ್ವಲ್ಲ ಮೇಡಂ, ಹೊಡೆದವನೇ ತಿಂಗಳಿಗೊಂದ್ಸಲ ಫೋನ್ ಮಾಡ್ತಾನೆ, ಅವನ ಕಾರಿಗೆ ಸೀಟ್ ಕವರ್ ಹಾಕಿದ್ದು ನಾನೇ, ಬೇಕಂತಲೇ ಸ್ವಲ್ಪ ಬಿಗಿ ಹೊಲ್ದಿದೀನಿ — ನಾನು ನಕ್ಕೆನೋ ಅತ್ತೆನೋ, ಎರಡೂ ಮೂಗಿನಿಂದಲೇ ಬಂತು. ನಂಗೆ ಆ ಸಂಜೆ ನೆನಪೇ ಇಲ್ಲ ಅಂದ ಅವನು, ಗ್ಲೌಸ್ ಕಟ್ಟಿದ್ದು ಗೊತ್ತು, ಆಮೇಲೆ ಆಸ್ಪತ್ರೆ ಸೀಲಿಂಗು, ನಡುವೆ ಏನೂ ಇಲ್ಲ, ಇಲ್ಲಿ ಬರೋರೆಲ್ಲ ಓ ನೀವು ಬಿದ್ದವರಲ್ವಾ ಅಂತಾರೆ, ಹೌದು ಅಂತೀನಿ, ಬೀಳೋಕೆ ಮುಂಚೆ ಏನ್ ಮಾಡ್ತಿದ್ದೆ ಅಂತ ನಂಗೂ ಗೊತ್ತಿಲ್ವಲ್ಲ, ನಾನು ಆಡಿದ್ನಾ, ಸುಮ್ನೆ ನಿಂತು ಏಟು ತಿಂದ್ನಾ.

ಹಾಕಿದೆ. ಮೊದಲ ಸುತ್ತು ಇಬ್ಬರೂ ಅಳೆದು ನೋಡುವುದು, ಅಕ್ಕ ನಿಂತೇ ನೋಡುತ್ತಿದ್ದಾಳೆ, ಎರಡನೇ ಸುತ್ತು ಬಂತು, ನಾನೂ ಅದನ್ನು ಸರಿಯಾಗಿ ನೋಡಿದ್ದೇ ಇಲ್ಲ, ವ್ಯಾನಿನಲ್ಲಿ ಕೂತವರು ಪಂದ್ಯ ನೋಡುವುದಿಲ್ಲ, ಬೀಳುವುದನ್ನು ಕಾಯುತ್ತಾರೆ, ಅವನು ಆಡುತ್ತಿದ್ದಾನೆ, ಎಷ್ಟು ಚೆನ್ನಾಗಿ ಆಡುತ್ತಿದ್ದಾನೆ, ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ, ಎದುರಾಳಿಯ ಕೈ ಬಂದಲ್ಲಿ ಅವನಿಲ್ಲ, ನಾಲ್ಕು ಏಟು ಖಾಲಿ ಗಾಳಿಗೆ, ಐದನೆಯದು ಬಂತು — ನಿಲ್ಸಿ ಅಂದ, ಇದನ್ನ ನಿಧಾನಕ್ಕೆ ತೋರಿಸ್ತೀರಾ. ಆರು ವರ್ಷದಲ್ಲಿ ಯಾರೂ ಇದನ್ನು ನಿಧಾನಕ್ಕೆ ತೋರಿಸು ಅನ್ನಲಿಲ್ಲ, ಗುಡುಗು ಅನ್ನಲಿಲ್ಲ, ನನಗೂ ಹೊಳೆಯಲಿಲ್ಲ, ಇಲ್ಲಿ ಚಕ್ರವಿಲ್ಲ, ಒಂದು ಗುಂಡಿ, ಒತ್ತಿದರೆ ಒಂದೊಂದೇ ಚಿತ್ರ, ಒತ್ತಿದೆ, ಎದುರಾಳಿಯ ತೋಳು ಚಾಚುತ್ತದೆ, ಒತ್ತಿದೆ, ಇವನ ಭುಜ ತಗ್ಗುತ್ತದೆ, ಒತ್ತಿದೆ, ಕೆಂಪು ಗ್ಲೌಸು ಕಿವಿಯ ಪಕ್ಕಕ್ಕೆ ಬಂದಿದೆ, ತಾಗಿಲ್ಲ, ಕಿವಿಗೂ ಗ್ಲೌಸಿಗೂ ನಡುವೆ ಒಂದು ಬೆರಳಿನಷ್ಟು ಬೆಳಕು. ಅಕ್ಕ ಬಗ್ಗಿ ನೋಡಿದಳು, ತಪ್ಪಿಸ್ಕೊಂಡ್ಯಲ್ಲೋ ಅಂದಳು, ಈಗ ತಾನೇ ಆದ ಹಾಗೆ, ಅವನು ಇನ್ನೊಂದ್ಸಲ ಅಂದ, ಹಿಂದಕ್ಕೆ ಹೋದೆ, ತೋಳು, ಭುಜ, ಕಿವಿ, ಬೆಳಕು, ಇನ್ನೊಂದ್ಸಲ, ಎಷ್ಟು ಸಲ ಅಂತ ಈ ಬಾರಿ ಕೈಯೂ ಲೆಕ್ಕವಿಡಲಿಲ್ಲ. ಮೂರನೇ ಸುತ್ತಿನ ಗಂಟೆಗೆ ಮುಂಚೆ ಅವನೇ ಲ್ಯಾಪ್‌ಟಾಪ್ ಮುಚ್ಚಿದ, ಸಾಕು ಮೇಡಂ, ಮುಂದಿಂದು ಊರಿಗೆಲ್ಲ ಗೊತ್ತು. ಪಂದ್ಯ ಅಕ್ಕನ ಫೋನಿಗೆ ಹಾಕಿಕೊಟ್ಟೆ, ಟೀ ಕುಡಿದೆ, ಸ್ಟಾಪಿಗೆ ಬಂದು ನಿಂತಿದ್ದೇನೆ, ಗುಡುಗಿನ ಮೆಸೇಜು ಬಂದಿದೆ, ಆ್ಯಪ್‌ನವರಿಗೆ ಬೀಳೋ ಚಿತ್ರ ಚಿಕ್ಕದಾಗಿ ಕತ್ತರಿಸಿ ಕೊಡೋರು ಬೇಕಂತೆ, ಈಗ ಜನ ಅಷ್ಟೇ ನೋಡೋದು, ನಿನ್ ಹೆಸರು ಹೇಳಿದೀನಿ — ಬೇಡ ಅಂತ ಬರೆದೆ, ಕಳಿಸಿದೆ, ಎಷ್ಟು ಸುಲಭವಾಗಿತ್ತು, ಪಕ್ಕದಲ್ಲಿ ನಿಂತವನ ಹೆಬ್ಬೆರಳು ಫೋನಿನ ಮೇಲೆ ಏನನ್ನೋ ಹಿಂದಕ್ಕೆ ಎಳೆಯುತ್ತಿದೆ, ಎಳೆದುಕೊಳ್ಳಲಿ, ಅದು ಅವನ ಕೈ, ನನ್ನ ಕೈ ಚೀಲದ ಪಟ್ಟಿಯ ಮೇಲೆ ತಣ್ಣಗೆ ಕೂತಿದೆ, ಬಸ್ಸು ಬಂತು, ನನ್ನದಲ್ಲ, ಅತ್ತೆಗೆ ಏನು ಹೇಳುವುದು, ಕೆಲಸ ಹೋಯಿತು ಅಂತ ಇನ್ನೂ ಹೇಳಿಲ್ಲ, ಹೇಳಿದರಾಯಿತು, ನಾಳೆ, ಇಲ್ಲ ಇವತ್ತೇ, ಇನ್ನೊಂದು ಬಸ್ಸು, ಅದರ ನಂಬರು ನೋಡಬೇಕು, ನೋಡುತ್ತಿದ್ದೇನೆ, ಕಾಣುವುದು ಬೇರೆ, ಚಾಚಿದ ತೋಳು, ತಗ್ಗಿದ ಭುಜ, ಕಿವಿ, ಕೆಂಪು ಗ್ಲೌಸು, ನಡುವೆ ಒಂದು ಬೆರಳಿನಷ್ಟು ಬೆಳಕು, ಬೆರಳಿನಷ್ಟು ಬೆಳಕು —