ದನದ ಮನೆಯ ಮುನೇಶ್ವರ

ದನವೇ ಇಲ್ಲದ ಮೇಲೆ ಅದನ್ನು ದನದ ಮನೆ ಅಂತ ಯಾರು ಕರೆಯುತ್ತಾರೆ? ಶ್ವೇತ ಕರೆಯುತ್ತಿದ್ದಳು. ಇಂದಿರಾನಗರದ ಹೆಣ್ಣುಮಗಳು, ಬಾಯಿ ತುಂಬ ‘ದನದ ಮನೆ, ದನದ ಮನೆ’ ಅನ್ನುತ್ತಿದ್ದಳು. ಗೇಟಿನ ಮೇಲೂ ಹಾಗೇ ಬರೆಸುತ್ತೇನೆ ಅಂತ ಹೊರಟಿದ್ದಳು. ಕೆ.ಆರ್. ಪುರ ದಾಟಿ, ಹಳೇ ಮದ್ರಾಸ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಮೇಡಿಕುಂಟೆ. ಅಲ್ಲಿ ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ನಡುವೆ, ನಾಲ್ಕು ಹುಣಸೆಮರಗಳ ಜೊತೆ ಹೇಗೋ ಉಳಿದುಕೊಂಡಿದ್ದ ಕಟ್ಟಡ ಅದು. ನೂರು ವರ್ಷ ದಾಟಿದ ಕಲ್ಲುಕಂಬಗಳು, ಮೇಲೆ ನಾಡಹಂಚು, ಉದ್ದಕ್ಕೂ ನಲವತ್ತು ದನ ಕಟ್ಟಿ ಮೇವು ಹಾಕುವಷ್ಟು ದೊಡ್ಡ ಗೊಂತು. ಆ ಗೊಂತಿನ ಕಟ್ಟೆಯ ಮೇಲೆ ದಿಂಬು ಹಾಕಿಕೊಂಡು ಪುಸ್ತಕ ಓದುತ್ತೇನೆ ಅಂದಳು ಶ್ವೇತ. ಓದಲಿ ಬಿಡಿ, ದನಗಳಂತೂ ಓದಲಿಲ್ಲ.

ಅವಳದ್ದು ಕೆಟ್ಟ ಮನಸ್ಸಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅವಳಪ್ಪ ಕಟ್ಟಿಸಿದ ಬಂಗಲೆಯಲ್ಲಿ ಈಗ ಪಬ್ಬು ನಡೆಯುತ್ತದೆ. ಅವಳು ಹುಟ್ಟಿ ಬೆಳೆದ ಕೋಣೆಯಲ್ಲಿ ಬಿಯರ್ ಪೀಪಾಯಿ ಇಟ್ಟಿದ್ದಾರೆ. ಊರೆಲ್ಲ ಒಡೆದು ಕಟ್ಟುತ್ತಿರುವಾಗ ತಾನೊಬ್ಬಳಾದರೂ ಒಂದು ಹಳೇ ಕಟ್ಟಡ ಉಳಿಸಿಕೊಂಡು, ಶನಿವಾರ ಭಾನುವಾರ ಅಲ್ಲಿ ಬಂದು ಇರಬೇಕು ಅನ್ನುವ ಹಟ ಅವಳದು. ಒಂದು ಹಂಚು ಒಡೆದರೆ ಅಂಥದ್ದೇ ಇನ್ನೊಂದನ್ನು ಹೊಸಕೋಟೆ ಕಡೆಯೆಲ್ಲ ಹುಡುಕಿಸುತ್ತಿದ್ದಳು.

ಮಾರಿದವರು ಮುನಿಶಾಮಿ ಮತ್ತು ಅವನ ತಮ್ಮಂದಿರು. ಮುನಿಶಾಮಿಯ ಹೆಂಡತಿ ಚಿಕ್ಕಮುನಿಯಮ್ಮನ ಹೆಬ್ಬೆಟ್ಟನ್ನೂ ಪತ್ರಕ್ಕೆ ಒತ್ತಿಸಿಕೊಂಡಿದ್ದರು. ಒತ್ತುವ ಮುಂಚೆ ಅವಳು ಗಂಡನನ್ನು ಕೇಳಿದ್ದು ಒಂದೇ ಮಾತು.

“ಆ ಮೂಲೆ?”

“ಆಯಮ್ಮ ಏನೂ ಒಡೆಯಲ್ವಂತೆ. ಹೆಂಗೈತೋ ಹಂಗೇ ಇಟ್ಕತಾಳಂತೆ. ಸುಮ್ಕೆ ಒತ್ತು,” ಅಂದಿದ್ದ ಮುನಿಶಾಮಿ.

ಊರೊಳಗೆ ಅವರದ್ದೇ ನಾಲ್ಕಂತಸ್ತಿನ ಬಾಡಿಗೆ ಮನೆಗಳು, ಅದರ ಕೆಳಮನೆಯಲ್ಲಿ ಗಂಡ ಹೆಂಡತಿಯ ವಾಸ. ಹೊಟ್ಟೆಗೆ ಬಟ್ಟೆಗೆ ಏನೂ ಕಮ್ಮಿ ಇರಲಿಲ್ಲ. ಆದರೂ ಚಿಕ್ಕಮುನಿಯಮ್ಮ ದಿನಾ ಬೆಳಗ್ಗೆ ಪೊರಕೆ ಹಿಡಿದು ದನದ ಮನೆಗೆ ಬರುತ್ತಿದ್ದಳು. ಬಡಗಣ ಮೂಲೆಯನ್ನು ಗುಡಿಸಿ, ಸೆರಗಿನ ತುದಿಯಲ್ಲಿ ಕಟ್ಟಿ ತಂದ ಅರಿಸಿನವನ್ನು ಚಿಟಿಕೆಯಷ್ಟು ಉದುರಿಸಿ, ಒಂದು ಗಳಿಗೆ ಕೂತಿದ್ದು ಹೋಗುತ್ತಿದ್ದಳು. ಅಜ್ಜಿಗೆ ಹಳೇ ಮನೆ ಮೇಲೆ ಪ್ರೀತಿ ಅಂತ ಶ್ವೇತ ತನ್ನ ಸ್ನೇಹಿತರಿಗೆ ಹೇಳುತ್ತಿದ್ದಳು. ಪ್ರೀತಿಯಂತೆ, ಮಣ್ಣು!

ನಲವತ್ತಾರು ವರ್ಷದ ಹಿಂದೆ ಚಿಕ್ಕಮುನಿಯಮ್ಮ ಮೊದಲ ಕೂಸನ್ನು ಹೆತ್ತದ್ದು ಅದೇ ಮೂಲೆಯಲ್ಲಿ. ಅತ್ತೆಯ ಕಟ್ಟುಪಾಡು ಹಾಗಿತ್ತು. ಹೆತ್ತವಳು ಹನ್ನೊಂದು ದಿನ ದನಗಳ ಜೊತೆ ಇರಬೇಕು, ಸೂತಕ ಕಳೆಯುವ ತನಕ ಮನೆಯವರು ಯಾರೂ ಅವಳನ್ನು ಮುಟ್ಟಬಾರದು, ಹೊಸಿಲು ದಾಟಬಾರದು. ಮುದ್ದೆ ಸಾರು ಹೊಸಿಲಾಚೆ ಇಟ್ಟು ಹೋಗುತ್ತಿದ್ದರು. ಹುಟ್ಟಿದ್ದು ಹೆಣ್ಣು, ತಲೆ ತುಂಬ ಕೂದಲು. ಐದನೇ ದಿನ ಮಧ್ಯಾಹ್ನ ಕೂಸಿನ ಮೈ ಕೆಂಡದಂತೆ ಕಾಯತೊಡಗಿತು, ಮೊಲೆ ಹಿಡಿಯುವುದನ್ನು ಬಿಟ್ಟಿತು. ಚಿಕ್ಕಮುನಿಯಮ್ಮ ಗಂಟಲು ಹರಿಯುವಂತೆ ಗಂಡನನ್ನು ಕೂಗಿದಳು. ಮುನಿಶಾಮಿ ಓಡಿ ಬಂದ. ಬಂದವನು ಹೊಸಿಲಾಚೆ ನಿಂತ.

“ಬಾ ಒಳಿಕೆ, ಎತ್ಕೊಂಡು ಓಡು, ಹಲಸೂರಿನ ಆಸ್ಪತ್ರೆಗೆ ಹೋಗೋ ಬಸ್ಸು ಬರೋ ಹೊತ್ತು,” ಅಂದಳು ಇವಳು.

ಅವನ ಹಿಂದೆ ಅವನವ್ವ ನಿಂತಿದ್ದಳು. “ಹನ್ನೊಂದು ಕಳೀಲಿ,” ಅಂದಳು, ಅಷ್ಟೇ. ಮುನಿಶಾಮಿ ಎತ್ತಿದ ಕಾಲನ್ನು ಹಾಗೇ ಕೆಳಗಿಳಿಸಿದ. ಆ ಕಾಲು ಕೆಳಗಿಳಿದದ್ದನ್ನು ಚಿಕ್ಕಮುನಿಯಮ್ಮ ಕಣ್ಣಾರೆ ಕಂಡಳು. ಮಾರನೇ ದಿನ ಕೂಸು ಅವಳ ಮಡಿಲಲ್ಲೇ ತಣ್ಣಗಾಯಿತು.

ಹೆಸರಿಡದ ಕೂಸನ್ನು ಆ ಮನೆಯವರು ಸ್ಮಶಾನಕ್ಕೆ ಒಯ್ಯುತ್ತಿರಲಿಲ್ಲ. ನಾಯಿ ನರಿ ಎಳೆಯದಿರಲಿ ಅಂತ ದನ ತುಳಿಯುವ ಜಾಗದಲ್ಲಿ, ಗೊಂತಿನ ಬುಡದಲ್ಲಿ ಹೂಳುತ್ತಿದ್ದರು. ಆಗ ಮಾತ್ರ ಮುನಿಶಾಮಿ ಒಳಗೆ ಆ ಮೂಲೆಗೇ ಬಂದ, ಗುದ್ದಲಿ ಹಿಡಿದುಕೊಂಡು. ಹೂಳುವುದಕ್ಕೆ ಯಾವ ಸೂತಕವೂ ಅಡ್ಡ ಬರಲಿಲ್ಲ ನೋಡಿ. ಆಮೇಲೆ ಅವಳಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದರು, ಇಬ್ಬರೂ ಆಸ್ಪತ್ರೆಯಲ್ಲೇ. ಆ ಹೆಣ್ಣುಕೂಸಿನ ಮಾತನ್ನು ಮಾತ್ರ ಗಂಡ ಹೆಂಡತಿ ಒಂದು ದಿನವೂ ಆಡಲಿಲ್ಲ.

ಶ್ವೇತ ಕೆಲಸ ಶುರು ಮಾಡಿಸಿ ಮೂರು ತಿಂಗಳಾಗಿತ್ತು. ಹೊಂಗೆ ಎಣ್ಣೆ ಹಚ್ಚಿದ ತೊಲೆಗಳು ಹೊಳೆಯುತ್ತಿದ್ದವು. ಹಳೇ ಕಣಜ ಅಡುಗೆಮನೆಯಾಗಿತ್ತು, ನೊಗಗಳು ಗೋಡೆಗೆ ಏರಿದ್ದವು. ಒಂದು ಬೆಳಗ್ಗೆ ಚಿಕ್ಕಮುನಿಯಮ್ಮ ಪೊರಕೆ ಹಿಡಿದು ಬರುವಾಗ ಬಡಗಣ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದಿತ್ತು. ಯಾದಗಿರಿ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಪೀರಪ್ಪ ಗುದ್ದಲಿ ಎತ್ತಿ ನಿಂತಿದ್ದ. ಅವನ ಹೆಂಡತಿ ಹುಸೇನಮ್ಮ ಮಣ್ಣು ಹೊರಲು ಬಾಂಡ್ಲಿ ಹಿಡಿದಿದ್ದಳು.

“ಏನಪ್ಪಾ ಇದು?”

“ಜಳಕದ ತೊಟ್ಟಿ ಬರ್ತದಂತ್ರಿ ಇಲ್ಲಿ. ನಾಕು ಫೂಟು ಆಳ ತಗೀರಿ ಅಂದಾರ ಮೇಡಂನೋರು,” ಅಂದ ಪೀರಪ್ಪ.

ಚಿಕ್ಕಮುನಿಯಮ್ಮ ಸುಣ್ಣದ ಗೆರೆಯ ಹತ್ತಿರ ಬಂದಳು. ನಿಜ ಹೇಳಿಬಿಡಲೇ ಅಂದುಕೊಂಡಳು. ಹೇಳಿದರೆ ಏನಾಗುತ್ತದೆ? ಸ್ನಾನದ ಕೋಣೆಯಲ್ಲಿ ಹೆಣದ ಮೂಳೆ ಅಂದರೆ ಇನ್ನೂ ಬೇಗ ಅಗೆಸುತ್ತಾರೆ, ತೆಗೆಸಿ ಎಲ್ಲಿಗೋ ಎಸೆಸುತ್ತಾರೆ. ಆರು ದಿನದ ಹೆಣ್ಣುಕೂಸಿಗೆ ಈ ಲೋಕದಲ್ಲಿ ಯಾರು ಹೆದರುತ್ತಾರೆ? ಹೆದರುವುದಿದ್ದರೆ ದೇವರಿಗೆ ಹೆದರಬೇಕು.

“ನಿಲ್ಸಪ್ಪಾ! ಗುದ್ದಲಿ ಹಾಕಬ್ಯಾಡ! ಅಲ್ಲಿ ಮುನೇಶ್ವರ ಅವ್ನೆ!”

ಪೀರಪ್ಪ ಗುದ್ದಲಿಯನ್ನು ಬೆಂಕಿ ಮುಟ್ಟಿದವನಂತೆ ಕೆಳಗಿಟ್ಟ. ಹುಸೇನಮ್ಮ ಗಲ್ಲ ಗಲ್ಲ ಬಡಿದುಕೊಂಡಳು. “ಯವ್ವಾ, ಮೊದ್ಲ ಹೇಳಬಾರದೇನ್ರಿ? ದೇವ್ರ ಜಾಗಕ್ಕ ನಾವು ಕೈ ಹಚ್ಚಂಗಿಲ್ರಿ,” ಅಂದು ಗಂಡನನ್ನು ಎಳೆದುಕೊಂಡು ಹೊರಗೆ ಹೋದಳು. ಕೆಲಸ ನಿಂತುಹೋಯಿತು.

ಮಧ್ಯಾಹ್ನಕ್ಕೆ ಶ್ವೇತ ಬಂದಳು. ಮುನಿಶಾಮಿಯನ್ನು ಕರೆಸಿದಳು. “ತಾತ, ಅಜ್ಜಿ ಹೇಳ್ತಿರೋದು ನಿಜಾನಾ? ಅಲ್ಲಿ ದೇವರಿದ್ಯಾ?”

ಮುನಿಶಾಮಿ ಹೆಂಡತಿಯ ಮುಖ ನೋಡಿದ. ಇವನು ಇಲ್ಲ ಅಂದರೆ ಮುಗಿಯಿತು.

“ಹೂಂ ಮೇಡಮ್ಮೋರೆ,” ಅಂದ ಮುನಿಶಾಮಿ. “ನಮ್ಮ ತಾತನ ಕಾಲದ್ದು. ಮುಟ್ಟಬಾರ್ದು.”

ಅಯ್ಯೋ, ಆ ಹೊತ್ತಿನ ಚಿಕ್ಕಮುನಿಯಮ್ಮನ ಸಂತೋಷ ಹೇಳತೀರದು. ನಲವತ್ತಾರು ವರ್ಷ ತಡವಾಗಿಯಾದರೂ ಈ ಗಂಡಸು ಒಂದು ಹೊಸಿಲು ದಾಟಿದನಲ್ಲ ಅನ್ನಿಸಿತು. ಅವತ್ತು ಅವನಿಗೆ ಇಷ್ಟವಾದ ಹಿತಕಿದ ಅವರೆಬೇಳೆ ಸಾರು ಮಾಡಿ, ಎದುರಿಗೆ ಕೂತು ಬಡಿಸಿದಳು. ಅವನೂ ತಲೆ ತಗ್ಗಿಸಿಕೊಂಡು ಎರಡು ಮುದ್ದೆ ಉಂಡ. “ಒಳ್ಳೇ ಮಾತು ಆಡ್ದೆ ನೀನು,” ಅಂದಳು. ಅವನು ಹೂಂಗುಟ್ಟಿದ.

ಶ್ವೇತಳಿಗಂತೂ ಖುಷಿಯೋ ಖುಷಿ. ತನ್ನ ಹಳ್ಳಿಮನೆಗೆ ಸ್ವಂತದ್ದೊಂದು ದೇವರು! ಸ್ನಾನದ ತೊಟ್ಟಿ ತೆಂಕಣ ಕಡೆಗೆ ಹೋಯಿತು. ಮೂಲೆಗೆ ಮೇಲಿನಿಂದ ಬೆಳಕು ಬೀಳುವ ಹಾಗೆ ಗಾಜಿನ ಹಂಚು ಹಾಕಿಸಿದಳು, ಕರೀ ಕಲ್ಲೊಂದನ್ನು ತರಿಸಿ ನಿಲ್ಲಿಸಿದಳು, ಪೂಜೆ ಪದ್ಧತಿ ಏನು ಅಂತ ಮುನಿಶಾಮಿಯನ್ನು ಕೇಳಿದಳು. ಕೇಳಿದ್ದೇ ತಡ, ಮುನಿಶಾಮಿ ಹೇಳತೊಡಗಿದ. ಮೊದಲ ವಾರ ಮುನೇಶ್ವರ ಅವನ ತಾತನ ಕನಸಿನಲ್ಲಿ ಬಂದಿದ್ದ. ಎರಡನೇ ವಾರಕ್ಕೆ ಬಿಳೀ ಕುದುರೆ ಏರಿ ಬಂದ. ಮೂರನೇ ವಾರಕ್ಕೆ ಕಳ್ಳರ ಕಣ್ಣು ಕಳೆದು ಎತ್ತುಗಳನ್ನು ಕಾಪಾಡಿದ. ಇಷ್ಟು ವರ್ಷ ಬಾಡಿಗೆಯವರ ನೀರಿನ ಮೋಟಾರು ಹಾಕಿ ಆರಿಸುವುದು ಬಿಟ್ಟು ಬೇರೆ ಕೆಲಸವಿಲ್ಲದೆ ಕೂತಿದ್ದ ಮುದುಕ ಕೆಂಪು ಪಂಚೆ ಉಟ್ಟ, ಹಣೆ ತುಂಬ ವಿಭೂತಿ ಬಳಿದುಕೊಂಡ. ಜೀವನ್ ಬಿಮಾ ನಗರದಿಂದ ಬಂದ ಶ್ವೇತಳ ಚಿಕ್ಕಮ್ಮ ಅವನ ಕಾಲಿಗೆ ಬಿದ್ದಳು. ಅವನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

ಚಿಕ್ಕಮುನಿಯಮ್ಮ ನೋಡುತ್ತಿದ್ದಳು. ಆಟ ಆಡಿಕೊಳ್ಳಲಿ, ಕೂಸಿನ ಜಾಗ ಉಳಿಯಿತಲ್ಲ ಅಂದುಕೊಂಡಳು. ಒಂದು ಶುಕ್ರವಾರ ಎಂದಿನಂತೆ ಸೆರಗಿನ ಅರಿಸಿನ ಬಿಚ್ಚುತ್ತ ಮೂಲೆಗೆ ಹೋದರೆ ಅಲ್ಲಿ ಆಳೆತ್ತರದ ಹಿತ್ತಾಳೆ ಕಟಕಟೆ ಎದ್ದಿತ್ತು. ಒಳಗೆ ಮುನಿಶಾಮಿ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದ.

“ಅಲ್ಲೇ ನಿಲ್ಲು,” ಅಂದ.

“ಯಾಕೆ?”

“ಉಗ್ರ ದೇವ್ರು. ಹೆಂಗಸ್ರು ಒಳಿಕ್ಕೆ ಬರಂಗಿಲ್ಲ.”

ಶ್ವೇತ ಅಲ್ಲೇ ಇದ್ದಳು. “ಹೌದು ಅಜ್ಜಿ, ನಾನೂ ಹೋಗಲ್ಲ, ಸಂಪ್ರದಾಯ ಅಲ್ವಾ,” ಅಂದು ನಕ್ಕಳು. ಅವಳಿಗೇನು, ಒಳಗೆ ಅವಳದ್ದು ಏನಿತ್ತು? ಗಂಡ ಜನರ ಮುಂದೆ ಆಡುವ ಆಟ ಇದು ಅಂದುಕೊಂಡು ಚಿಕ್ಕಮುನಿಯಮ್ಮ ಅರಿಸಿನವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ಮಾರನೇ ಬೆಳಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಬಂದಳು. ಕಟಕಟೆಗೆ ಬೀಗ ಬಿದ್ದಿತ್ತು. ಬೀಗದ ಕೈ ಗಂಡನ ಉಡಿದಾರದಲ್ಲಿತ್ತು. ಮನೆಗೆ ಹೋಗಿ ಕೇಳಿದಳು.

“ಆಟ ಸಾಕು. ಕೀ ಕೊಡು ಇಲ್ಲಿ.”

“ಆಟ ಏನ್ ಬಂತು? ಕಟ್ಟಳೆ ಅಂದ್ರೆ ಕಟ್ಟಳೆ.” ಮುನಿಶಾಮಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಆ ದನಿ ಯಾರದು ಅಂತ ಅವಳಿಗೆ ಗೊತ್ತಾಯಿತು. ಸತ್ತು ಇಪ್ಪತ್ತು ವರ್ಷವಾಗಿದ್ದ ಅತ್ತೆಯದು.

ಅವಳು ಜಗಳ ಆಡಿದಳು, ಊಟ ಬಿಟ್ಟಳು, ಗೋಗರೆದಳು. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟ ಪಂಚೆಯಲ್ಲಿ ತಡಕಿದಳು, ಅವನು ಬೀಗದ ಕೈಯನ್ನು ಬಚ್ಚಲಿಗೂ ಕಟ್ಟಿಕೊಂಡು ಹೋಗಿದ್ದ. ಮೂರು ವಾರ ಆಚೆ ನಿಂತು ಕಟಕಟೆಯ ಸಂದಿಯಲ್ಲಿ ಕೈ ತೂರಿಸಿ ಅರಿಸಿನ ಎಸೆದಳು. ಅದು ಅರ್ಧ ದಾರಿಯಲ್ಲೇ ಉದುರಿಹೋಗುತ್ತಿತ್ತು.

ಗೃಹಪ್ರವೇಶದ ಭಾನುವಾರ ಬಂತು. ಇಂದಿರಾನಗರ, ಬೆನ್ಸನ್ ಟೌನ್ ಕಡೆಯಿಂದ ಮೂವತ್ತು ಕಾರು. ಬಂದವರೆಲ್ಲ ಕಲ್ಲುಕಂಬ ಸವರಿ, ತೊಲೆ ನೋಡಿ, ಗೊಂತಿನ ಕಟ್ಟೆಯ ಮೇಲೆ ಕೂತು ‘ಎಷ್ಟು ಶಾಂತಿ ಇದೆ ಇಲ್ಲಿ’ ಅಂದರು. ಹುಸೇನಮ್ಮ ಮತ್ತು ಪೀರಪ್ಪನನ್ನೂ ಶ್ವೇತ ಊಟಕ್ಕೆ ಕರೆದಿದ್ದಳು. ಹನ್ನೊಂದು ಗಂಟೆಗೆ ಮುನಿಶಾಮಿ ಕಟಕಟೆಯೊಳಗೆ ನಿಂತು ಕಲ್ಲಿನ ಮುಂದೆ ಕ್ವಾರ್ಟರ್ ಬಾಟಲಿ ಇಟ್ಟ, ಚುಟ್ಟಾ ಹಚ್ಚಿ ಇಟ್ಟ. ಪೀರಪ್ಪ ಕೆಂಪು ಹುಂಜವನ್ನು ಹಿಡಿದು ತಂದು ಕೊಟ್ಟ. ಶ್ವೇತ ಮುಖ ಆ ಕಡೆ ತಿರುಗಿಸಿಕೊಂಡಳು.

ಚಿಕ್ಕಮುನಿಯಮ್ಮ ಜನರನ್ನು ಸರಿಸಿಕೊಂಡು ಕಟಕಟೆಯ ಹತ್ತಿರ ಬಂದಳು. ಅವನಿಗೊಬ್ಬನಿಗೇ ಕೇಳುವ ಹಾಗೆ ಅಂದಳು:

“ಬ್ಯಾಡ. ಅದರ ಮೇಲೆ ರಕ್ತ ಬಿಡಬ್ಯಾಡ. ಅಲ್ಲಿರೋದು ನಿನ್ ಮಗಳು.”

ಮುನಿಶಾಮಿ ಬಗ್ಗಿದ. ವಿಭೂತಿಯ ಮುಖ ಅವಳ ಮುಖದ ಹತ್ತಿರ ಬಂತು. ಅವನು ಮರೆತಿರಬಹುದು, ನಂಬಿಬಿಟ್ಟಿರಬಹುದು ಅಂತ ಅವಳು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದಳು. ಅವನ ಕಣ್ಣಿನಲ್ಲಿ ಮರೆವು ಇರಲಿಲ್ಲ.

“ನಂಗೊತ್ತಿಲ್ವಾ? ಹೂಳ್ದೋನು ನಾನೇ,” ಅಂದ. “ಮುನೇಶ್ವರ ಅಂದೋಳು ನೀನು. ಸುಳ್ಳು ಅಂತ ಹೇಳು ಹೋಗು, ಎಲ್ಲಾರೂ ಇಲ್ಲೇ ಅವ್ರೆ. ನಾಳೆ ಬೆಳಗ್ಗೆ ಅಗೀತಾರೆ. ಹೇಳ್ತೀಯಾ?”

ಹುಂಜದ ಕತ್ತು ಹೋಯಿತು. ರಕ್ತ ಕಲ್ಲಿನ ಮೇಲಿಂದ ಇಳಿದು, ಅವಳು ನಲವತ್ತಾರು ವರ್ಷ ಗುಡಿಸಿದ ನೆಲಕ್ಕೆ ಇಂಗಿತು. ಜನ ಕೈ ಮುಗಿದರು. ಅವಳು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅಜ್ಜಿ, ನೀವೂ ಕೈ ಮುಗೀರಿ. ಈ ದೇವರನ್ನ ಉಳಿಸಿಕೊಟ್ಟೋರೇ ನೀವು,” ಅಂದಳು ಶ್ವೇತ, ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಇಟ್ಟು. ಕ್ಯಾಮೆರಾದವನು ಮುಂದೆ ಬಂದ.

ಚಿಕ್ಕಮುನಿಯಮ್ಮ ಕೈ ಮುಗಿದಳು, ಕಣ್ಣು ಮುಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ಆ ಕೂಸಿನ ಹತ್ತಿರ ಏನನ್ನಾದರೂ ಕೇಳಿಕೊಂಡಳು. ಕೂಸೇ, ನಿಮ್ಮಪ್ಪನ್ನ ನನಗಿಂತ ಮುಂಚೆ ಕರಕೋ. ಒಂದೇ ಒಂದು ದಿನ ಮುಂಚೆ ಆದರೂ ಸಾಕು, ನಾನು ಒಳಕ್ಕೆ ಬರ್ತೀನಿ.

“ಇಷ್ಟು ಹೊತ್ತು ಏನು ಬೇಡ್ಕೊಂಡ್ರಿ ಅಜ್ಜಿ?” ಶ್ವೇತ ಕೇಳಿದಳು.

“ನಮ್ಮ ಯಜಮಾನ್ರ ವಿಷ್ಯಾನೇ ಕಣಮ್ಮ.”

“ಸೋ ಸ್ವೀಟ್!” ಅಂದಳು ಶ್ವೇತ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.